ಅವ್ವನ ಕಿಡ್ನಿ ರಿಪೋರ್ಟ್ ಬಗ್ಗೆ ಸಹಾಯ ಬೇಕು, ಕಲಬುರಗಿಯವರು ಹೇಳಿ

ಎಲ್ಲರಿಗೂ ನಮಸ್ಕಾರ ರೀ. ನಾವು ಸೇಡಂ ಕಡೆಯವರು. ಅವ್ವನಿಗೆ 62 ವರ್ಷ, ಶುಗರ್ ಬಂದು 11 ವರ್ಷ ಆಯ್ತು. ಮೊನ್ನೆ ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಬಿಎ1ಸಿ 8.2, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 1.4, ಇಜಿಎಫ್‌ಆರ್ (ಕಿಡ್ನಿ ಎಷ್ಟು ಚಲೋ ಸೋಸುತ್ತೆ ಅನ್ನೋ ಲೆಕ್ಕ) 42 ಬಂದಿದೆ.

ರಿಪೋರ್ಟ್ ಚಲೋ ಬರಲಿ ಅಂತ ಅವ್ವ ಹಿಂದಿನ ದಿನ ಬರೀ ಅರ್ಧ ಜೋಳದ ರೊಟ್ಟಿ ತಿಂದಿದ್ದಳು! ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಶುಗರ್ ಲೆಕ್ಕ ಹೇಳುತ್ತೆ, ಒಂದು ದಿನದ ಉಪವಾಸಕ್ಕೆ ಬಗ್ಗಲ್ಲ ಅಲ್ವಾ.

ನನಗೆ ಚಿಂತೆ ಕಿಡ್ನಿಯದು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಸುಮ್ನೆ ನುಂಗುತ್ತಿದ್ದಳಂತೆ. ಎಲೆ ಅಡಿಕೆ ಚೀಲದಲ್ಲಿ ಮಾತ್ರೆಯ ಮೂರು ಖಾಲಿ ಪಟ್ಟಿ ಸಿಕ್ಕವು. ಅದು ಕಿಡ್ನಿಗೆ ಪೆಟ್ಟು ಅಂತ ಡಾಕ್ಟರ್ ಪೂರ್ತಿ ನಿಲ್ಲಿಸಿದರು. ಮೆಟ್‌ಫಾರ್ಮಿನ್ (ಶುಗರ್ ಮಾತ್ರೆ) ಕೂಡ ಅರ್ಧ ಮಾಡಿದರು. ಇಜಿಎಫ್‌ಆರ್ 45ರ ಕೆಳಗೆ ಇಳಿದರೆ ಡೋಸ್ ಕಡಿಮೆ ಮಾಡುತ್ತಾರೆ, 30ರ ಕೆಳಗೆ ಹೋದರೆ ಕೊಡುವುದೇ ಇಲ್ಲವಂತೆ. ಮೂರು ತಿಂಗಳ ನಂತರ ಮತ್ತೆ ರಕ್ತ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ನೋಡಬೇಕು ಅಂದಿದ್ದಾರೆ.

ನೋವಿನ ಮಾತ್ರೆ ಬಿಟ್ಟ ಮೇಲೆ ಯಾರ ಮನೆಯಲ್ಲಾದರೂ ಕ್ರಿಯಾಟಿನಿನ್ ಇಳಿದಿದೆಯಾ? ಮೊಣಕಾಲಿಗೆ ಬೇರೆ ಏನು ಕೊಟ್ಟರು? ರಾತ್ರಿಯೆಲ್ಲ ನರಳುತ್ತಾಳೆ, ನೋಡೋಕಾಗಲ್ಲ. ಕಲಬುರಗಿಯಲ್ಲಿ ಅವ್ವನಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಕೂತು ಹೇಳುವ ಕಿಡ್ನಿ ಡಾಕ್ಟರ್ ಇದ್ದರೆ ತಿಳಿಸಿ. ನಾಟಿ ಔಷಧ ಮಾತ್ರ ಬೇಡ ರೀ.