ಪಾತ್ರೆ–ಪ್ಲಾಸ್ಟಿಕ್ ಜಾಗ ಕಡಿಮೆ ಮಾಡಿ ದಿನಸಿ ಹೆಚ್ಚಿಸುವುದು: ಎಲ್ಲಿಂದ ಶುರು ಮಾಡಬೇಕು?

ಹಾಸನ_ಮಾರ್ಟ್:
ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್, ಕೆಳಗೆ 2,000 ಚದರಡಿ, ಮೇಲೆ 1,200. ಕೆಳಗಿನ 700 ಚದರಡಿಯಲ್ಲಿ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್, ಆಟಿಕೆ ಇವೆ. ಅದಷ್ಟನ್ನೂ ತೆಗೆದು ಅಕ್ಕಿ, ಬೇಳೆ, ಎಣ್ಣೆಗೆ ಕೊಡುವ ಯೋಚನೆ. ಬೇಳೆಕಾಳನ್ನು ನಾವೇ ಅರ್ಧ ಕೆಜಿ, ಒಂದು ಕೆಜಿ ಪ್ಯಾಕ್ ಮಾಡುತ್ತೇವೆ. ಅಕ್ಕಿ ಮೂಟೆಗಳ ಸ್ಟಾಕ್ ಮೇಲಿನ ಮಹಡಿಯಲ್ಲಿ. ಈಗಿರುವ ರ‍್ಯಾಕ್‌ಗಳೇ ಸಾಕಾಗುತ್ತವೆಯೇ?

ರ‍್ಯಾಕ್_ಫಿಟ್ಟಿಂಗ್:
ಮೊದಲು ಮೂಟೆ ವಿಷಯ ಹೇಳಿಬಿಡುತ್ತೇನೆ, ಇದು ಅಪಾಯದ್ದು. ಕಟ್ಟಡದ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮನೆಯ ಮಹಡಿಗೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ. ಚಿಲ್ಲರೆ ಅಂಗಡಿಗೆ ಅದರ ಎರಡರಷ್ಟು. 25 ಕೆಜಿ ಅಕ್ಕಿ ಚೀಲ ಹಿಡಿಯುವ ಜಾಗ ಸುಮಾರು 65×40 ಸೆಂ.ಮೀ. ಆರು ಚೀಲ ಒಂದರ ಮೇಲೊಂದು ಪೇರಿಸಿದರೆ ಚದರ ಮೀಟರಿಗೆ 575 ಕೆಜಿ ದಾಟುತ್ತದೆ. ಮೇಲಿನದು ಮನೆ ಅಂತ ಕಟ್ಟಿದ ಮಹಡಿಯಾಗಿದ್ದರೆ ಮೂರು ಚೀಲವೇ ಜಾಸ್ತಿ. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ಮೂಟೆಯನ್ನೂ ಮೇಲೆ ಹತ್ತಿಸಬೇಡಿ. ಮೇಲಕ್ಕೆ ಹೋಗಬೇಕಾದದ್ದು ಹಗುರವಾದ ಪ್ಲಾಸ್ಟಿಕ್, ಬೆಡ್‌ಶೀಟ್.

ರ‍್ಯಾಕ್ ಕಥೆಯೂ ಇದೇ. 3 ಅಡಿ ಅಗಲ, 16 ಇಂಚು ಆಳದ ಹಲಗೆಯಲ್ಲಿ ಟಿಫಿನ್ ಬಾಕ್ಸ್ ಇಟ್ಟರೆ 10 ಕೆಜಿ ಆದೀತು. ಅದೇ ಹಲಗೆಯಲ್ಲಿ 1 ಕೆಜಿ ಸಕ್ಕರೆ ಪ್ಯಾಕೆಟ್ ಸಾಲಿಗೆ 7, ಹಿಂದಕ್ಕೆ 5, ಎರಡು ಅಟ್ಟ ಇಟ್ಟರೆ 70 ಕೆಜಿ. ಹಲಗೆ ತಕ್ಷಣ ಮುರಿಯುವುದಿಲ್ಲ. ಮೊದಲು ಮುಂದಿನ ಅಂಚು ಬಾಗುತ್ತದೆ, ಪ್ಯಾಕೆಟ್‌ಗಳು ಮುಂದಕ್ಕೆ ಜಾರುತ್ತವೆ, ಆಮೇಲೆ ಬ್ರಾಕೆಟ್ಟಿನ ಕೊಕ್ಕೆ ಕಂಬದ ತೂತನ್ನು ಅಗಲ ಮಾಡುತ್ತದೆ. ಆ ತೂತು ಅಗಲವಾದ ಕಂಬವನ್ನು ಮತ್ತೆ ಬಳಸಲೇಬಾರದು. ಸಕ್ಕರೆ, ಎಣ್ಣೆ, ಹಿಟ್ಟು ಕೆಳಗಿನ ಎರಡು ಹಲಗೆಯಲ್ಲಿರಲಿ. ಆ ಎರಡಕ್ಕೆ ಮಾತ್ರ ದಪ್ಪ ಶೀಟಿನ ಹಲಗೆ, ಕೆಳಗೆ ಅಡ್ಡಪಟ್ಟಿ ಹಾಕಿಸಿ. ಎಲ್ಲವನ್ನೂ ಬದಲಿಸುವ ಖರ್ಚು ಬೇಡ.

ಇನ್ನೊಂದು: ಬಟ್ಟೆ ಇಟ್ಟಿದ್ದ ರ‍್ಯಾಕ್‌ಗಳಲ್ಲಿ ನುಸಿಗುಳಿಗೆ ವಾಸನೆ ಉಳಿದಿರುತ್ತದೆ. ಸೋಪಿನ ನೀರಲ್ಲಿ ತೊಳೆದು ಎರಡು ದಿನ ಒಣಗಿಸಿ. ಚಹಾಪುಡಿ, ಅಕ್ಕಿ, ಹಿಟ್ಟಿನ ಹಿಂಬದಿಗೆ ಬಟ್ಟೆ ಸೋಪು, ಫಿನೈಲ್, ಅಗರಬತ್ತಿ ಬರಕೂಡದು. ಅನ್ನ ಮಾಡಿದ ಮೇಲೆ ವಾಸನೆ ಗೊತ್ತಾಗಿ ಗಿರಾಕಿ ಚೀಲ ವಾಪಸ್ ತರುತ್ತಾರೆ.

ಬಿಲ್_ಲೆಕ್ಕ:
ನೀವೇ ಪ್ಯಾಕ್ ಮಾಡುತ್ತೀರಿ ಅಂದಮೇಲೆ ನೀವು ಬರೀ ಅಂಗಡಿಯವರಲ್ಲ, ಪ್ಯಾಕರ್. ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿಗೆ ಶುರು ಮಾಡಿದ 90 ದಿನದೊಳಗೆ ಅರ್ಜಿ ಹಾಕಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸಿನಲ್ಲಿ ರೀಪ್ಯಾಕಿಂಗ್ ಸೇರಿಸಬೇಕು. ಲೇಬಲ್ಲಿನ ಮೇಲೆ ಹೆಸರು-ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಯೂನಿಟ್ ದರ, ಪ್ಯಾಕ್ ಮಾಡಿದ ದಿನ, ಬ್ಯಾಚ್, ದೂರು ಹೇಳಲು ಫೋನ್ ನಂಬರ್ ಎಲ್ಲವೂ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದು ಮರೆಯಬೇಡಿ.

ಜಿಎಸ್‌ಟಿ ಕಡೆ ಬನ್ನಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಪ್ಯಾಕ್ ಅಕ್ಕಿ, ಬೇಳೆಗೆ ಶೇ. 5. ಗಿರಾಕಿ ಎದುರಿಗೆ ತೂಗಿಕೊಟ್ಟರೆ ತೆರಿಗೆಯಿಲ್ಲ. ತೆರಿಗೆಯಿಲ್ಲದ್ದು ಲಾಭ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ತೆರಿಗೆಯಿಲ್ಲದ ಮಾರಾಟ ಹೆಚ್ಚಿದಷ್ಟೂ ಬಾಡಿಗೆಯಂಥ ಸಾಮಾನ್ಯ ಖರ್ಚಿನ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಂಡದ್ದನ್ನು, ಅಷ್ಟು ಪಾಲು ವಾಪಸ್ ಕಟ್ಟಬೇಕು (ಜಿಎಸ್‌ಟಿ ನಿಯಮ 42). ಬಾಡಿಗೆ ₹80,000 ಇದ್ದರೆ ಜಿಎಸ್‌ಟಿ ₹14,400. ಮಾರಾಟದಲ್ಲಿ ಶೇ. 30 ತೆರಿಗೆಯಿಲ್ಲದ್ದಾದರೆ ತಿಂಗಳಿಗೆ ₹4,320 ಕೈಬಿಟ್ಟಿತು. ಹೊಸ ರ‍್ಯಾಕ್, ಚಿಲ್ಲರ್‌ಗಳ ಕ್ರೆಡಿಟ್ಟಿಗೆ ನಿಯಮ 43, 60 ತಿಂಗಳಿಗೆ ಹಂಚಿ ಇದೇ ಲೆಕ್ಕ.

ಚದರಡಿ_ಮಾರ್ಜಿನ್:
700 ಚದರಡಿಯನ್ನೂ ಒಟ್ಟಿಗೆ ತೆಗೆಯಬೇಡಿ ಸರ್. ಒಂದು ಮಾದರಿ ಲೆಕ್ಕ ನೋಡಿ. 300 ಚದರಡಿ ಪಾತ್ರೆ, ತಿಂಗಳ ಮಾರಾಟ 1.5 ಲಕ್ಷ, ಮಾರ್ಜಿನ್ ಶೇ. 25: ಚದರಡಿಗೆ ₹125. ಅದೇ ಜಾಗದಲ್ಲಿ ದಿನಸಿ 6 ಲಕ್ಷ, ಶೇ. 9: ₹54,000, ಚದರಡಿಗೆ ₹180. ನೋಡಲು ಚೆನ್ನಾಗಿದೆ. ಅದರಲ್ಲಿ ಶೇ. 1 ಹಾಳು ₹6,000, ಮೇಲೆ ಹೇಳಿದ ಕ್ರೆಡಿಟ್ ₹4,320, ಮೂಟೆ ಹೊರಲು, ಪ್ಯಾಕ್ ಮಾಡಲು ಒಬ್ಬ ಹುಡುಗನ ಸಂಬಳ ₹15,000 ಕಳೆಯಿರಿ. ಉಳಿಯುವುದು ಚದರಡಿಗೆ ₹96!

ಡಿಮಾರ್ಟ್‌ನಂಥವರ ಆದಾಯದಲ್ಲೇ ಬಟ್ಟೆ-ಪಾತ್ರೆ ವಿಭಾಗದ ಪಾಲು 2019-20ರಲ್ಲಿ ಸುಮಾರು ಶೇ. 27 ಇದ್ದದ್ದು ಕೋವಿಡ್ ನಂತರ ಶೇ. 23ರ ಆಸುಪಾಸಿಗೆ ಇಳಿದಾಗ ಮಾರ್ಜಿನ್ ಮೇಲೆ ಒತ್ತಡ ಬಿತ್ತು. ದಿನಸಿ ಜನರನ್ನು ಕರೆತರುತ್ತದೆ, ದುಡ್ಡು ಉಳಿಯುವುದು ಮಿಕ್ಕದ್ದರಲ್ಲಿ.

ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ 12 ತಿಂಗಳ ಮಾರಾಟ ತೆಗೆದು ರ‍್ಯಾಕ್ ರ‍್ಯಾಕಿಗೂ ಈ ಲೆಕ್ಕ ಹಾಕಿ. 3 ತಿಂಗಳ ಲೆಕ್ಕ ನಂಬಬೇಡಿ: ವಾಟರ್ ಬಾಟಲಿ, ಲಂಚ್ ಬಾಕ್ಸ್ ಓಡುವುದು ಮೇ-ಜೂನ್, ಪಾತ್ರೆ ಓಡುವುದು ಮದುವೆ ತಿಂಗಳು, ಗೌರಿ-ಗಣೇಶ, ದೀಪಾವಳಿ. ಈ ಲೆಕ್ಕದಲ್ಲಿ ಕೊನೆಗೆ ಬರುವುದು ಹೆಚ್ಚಾಗಿ ಆಟಿಕೆ, ಮೆಲಮೈನ್, ಶೋಪೀಸ್. ಮೊದಲು ಆ 250-300 ಚದರಡಿ ದಿನಸಿಗೆ ಕೊಡಿ. ಬಾಗಿಲ ಹತ್ತಿರ 100 ಚದರಡಿ ಸೀಸನ್ನಿಗೆ ತಕ್ಕಂತೆ ಬದಲಾಗಲಿ. ಚಹಾ ಸೋಸುವ ಜಾಲರಿ ಚಹಾಪುಡಿ ಪಕ್ಕದಲ್ಲೇ ತೂಗುಹಾಕಿ, ಅದಕ್ಕೆ ಬೇರೆ ರ‍್ಯಾಕ್ ಯಾಕೆ?

ಹಾಸನ_ಮಾರ್ಟ್:
ತುಂಬಾ ಉಪಕಾರವಾಯಿತು. ಪ್ಯಾಕಿಂಗ್ ಬಿಟ್ಟು ಬೇಳೆಗೆ ಲೂಸ್ ಡಬ್ಬಗಳನ್ನೇ ಇಟ್ಟರೆ?

ಚದರಡಿ_ಮಾರ್ಜಿನ್:
ಆಗಬಹುದು. ಡಬ್ಬ 10-15 ಕೆಜಿ ದಾಟಬಾರದು, ಮುಚ್ಚಳ ತಾನೇ ಬೀಳುವಂತಿರಲಿ. ಹಳೆ ಬೇಳೆ ಮೇಲೆ ಹೊಸದು ಸುರಿಯುವುದೇ ಹುಳು ಬರಲು ಕಾರಣ. ಪೂರ್ತಿ ಖಾಲಿಯಾದ ಮೇಲೆ ಮೂಲೆಯ ಪುಡಿ ಒರೆಸಿ ತುಂಬಿ. ರವೆ, ಕಡಲೆಹಿಟ್ಟು ಮಾತ್ರ ಲೂಸ್ ಬೇಡ, ಮಳೆಗಾಲದಲ್ಲಿ ಅವಕ್ಕೆ ಹುಳು ಬೇಗ ಬೀಳುತ್ತದೆ.