277 ಹೈವೇ ಹೆಣ್ಣಿಗೆ ರಿವರ್ ರೋಡ್ ಗಂಡು ಜೋಡಿ ಮಾಡಬಹುದಾ? ಗ್ರೇ ಬ್ಯಾಂಡೆಡ್ ಹಾವು ಸಾಕಿರೋರು ಹೇಳಿ

ಬಂಡೆಸೀಳು:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ತಲೇಲಿ ಕೊರೀತಾ ಇದೆ, ತಿಳಿದೋರು ಸ್ವಲ್ಪ ದಾರಿ ತೋರಿಸಿ. ನನ್ನ ಹತ್ರ ಒಂದು ಗ್ರೇ ಬ್ಯಾಂಡೆಡ್ ಕಿಂಗ್‌ಸ್ನೇಕ್ ಹೆಣ್ಣಿದೆ, ಐದು ವರ್ಷ ಆಯ್ತು, ಟೆಕ್ಸಸ್‌ನ ಡೆಲ್ ರಿಯೋದಿಂದ ಉತ್ತರಕ್ಕೆ ಹೋಗೋ 277 ಹೈವೇ ಲೈನು, ಅಂದ್ರೆ ಅದರ ಅಜ್ಜ ಅಜ್ಜಿ ಇಬ್ರೂ ಅಲ್ಲಿ ರಸ್ತೆಗೋಸ್ಕರ ಬಂಡೆ ಕಡಿದಿರೋ ಜಾಗದಲ್ಲಿ ರಾತ್ರಿ ಸಿಕ್ಕಿದ್ದು, ಯಾವ ಕೌಂಟಿ ಯಾವ ವರ್ಷ ಅಂತ ಬರೆದಿರೋ ಚೀಟಿ ಸಮೇತ ನನ್ನ ಕೈಗೆ ಬಂತು. ಅದೇ ಲೈನಿನ ಗಂಡು ಎರಡು ವರ್ಷದಿಂದ ಹುಡುಕ್ತಾ ಇದೀನಿ, ಸಿಕ್ಕಿಲ್ಲ.

ಈಗ ಒಬ್ಬರು ರಿವರ್ ರೋಡ್ ಅನ್ನೋ ಬೇರೆ ರಸ್ತೆ ಲೈನಿನ ಗಂಡು ಕೊಡ್ತೀನಿ ಅಂತಿದಾರೆ. ಗಂಡು ಸೂಪರಾಗಿದೆ, ಬೂದು ಮೈ ಮೇಲೆ ಅಗಲವಾದ ಕಿತ್ತಳೆ ಪಟ್ಟೆ, ಸುತ್ತ ಕಪ್ಪು ಅಂಚು, ನನ್ನ ಹೆಣ್ಣಿನ ಪಕ್ಕ ಇಟ್ರೆ ಅಣ್ಣ ತಂಗಿ ಅನ್ನಬೇಕು. "ಎರಡೂ ಬ್ಲೇರಿ, ಅಂದ್ರೆ ಅಗಲ ಕಿತ್ತಳೆ ಪಟ್ಟೆ ಥರದ್ದು, ಎರಡೂ ಒಂದೇ ಜಾತಿ, ಯಾವ ರಸ್ತೆ ಅಂತ ಯಾರು ಕೇಳ್ತಾರೆ" ಅಂದ್ರು. ಕೇಳಿದಾಗ ಸರಿ ಅನ್ನಿಸ್ತು, ಮನೆಗೆ ಬಂದ್ಮೇಲೆ ಸರಿ ಅನ್ನಿಸ್ತಿಲ್ಲ. ಹಾಕಬಹುದಾ ಬೇಡ್ವಾ? ಇದು ನನ್ನ ಮೊದಲನೇ ಸಲ, ಮರಿ ಮಾಡ್ಸೋ ಬಗ್ಗೆ ಬೇರೆ ಏನಾದ್ರೂ ಗೊತ್ತಿರಬೇಕಾಗಿದ್ರೆ ಅದನ್ನೂ ಹೇಳಿ.

ಟಾರ್ಚ್ ಹಿಡಿದವ:
ಬೇಡ ಗುರು. ಮನಸ್ಸು ತಡೀತಾ ಇದೆ ಅಂದ್ರೆ ಸರಿಯಾಗೇ ತಡೀತಾ ಇದೆ.

ನೋಡೋಕೆ ಒಂದೇ ಥರ ಇರೋದು ಈ ಹಾವಲ್ಲಿ ಲೆಕ್ಕಕ್ಕೇ ಬರಲ್ಲ. 1901ರಲ್ಲಿ ಆಲ್ಟರ್ನಾ ಅಂತ ಹೆಸರಿಟ್ಟಿದ್ದು ಸಣ್ಣ ಪಟ್ಟೆದಕ್ಕೆ, ಆಮೇಲೆ 1950ರಲ್ಲಿ ಅಗಲ ಕಿತ್ತಳೆ ಪಟ್ಟೆದು ಸಿಕ್ಕಿದಾಗ ಅದು ಬೇರೆ ಜಾತಿನೇ ಅಂತ ಬ್ಲೇರಿ ಅಂತ ಇನ್ನೊಂದು ಹೆಸರಿಟ್ರು, ಕೊನೆಗೆ ನೋಡಿದ್ರೆ ಒಂದೇ ತಾಯಿ ಇಟ್ಟ ಮೊಟ್ಟೆಗಳಲ್ಲಿ ಎರಡೂ ಥರ ಮರಿ ಬಂತು. ಅಂದ್ಮೇಲೆ ಬಣ್ಣ ನೋಡಿ ಇದು ಯಾವ ಕಡೆ ಹಾವು ಅಂತ ಹೇಳೋಕೆ ಯಾರ ಕೈಲೂ ಆಗಲ್ಲ, ನಿಮ್ಮ ಹೆಣ್ಣಿನ ಊರು ಇರೋದು ಅದರ ಮೈ ಮೇಲಲ್ಲ, ಆ ಚೀಟೀಲಿ. ರಿವರ್ ರೋಡ್ ಅಂದ್ರೆ ಲಹೀಟಸ್‌ನಿಂದ ಪ್ರೆಸಿಡಿಯೋ ಕಡೆ ರಿಯೋ ಗ್ರಾಂಡ್ ನದಿ ಪಕ್ಕದಲ್ಲೇ ಹೋಗೋ 170 ನಂಬರ್ ರಸ್ತೆ, ಡೆಲ್ ರಿಯೋಗೂ ಅಲ್ಲಿಗೂ ರಸ್ತೇಲಿ 200 ಮೈಲಿಗೂ ಜಾಸ್ತಿ, ಬಂಡೆ ಬೇರೆ, ಮಳೆ ಬೇರೆ, ತಿನ್ನೋಕೆ ಸಿಗೋ ಹಲ್ಲಿ ಬೇರೆ. ಎರಡನ್ನೂ ಸೇರಿಸಿದ್ರೆ ಮರಿ ಚೆನ್ನಾಗೇ ಬರುತ್ತೆ, ಆರೋಗ್ಯವಾಗೇ ಇರುತ್ತೆ, ಆದ್ರೆ 277ನೂ ಅಲ್ಲ ರಿವರ್ ರೋಡೂ ಅಲ್ಲ. ಮುಂದೆ ಯಾರೋ ಒಬ್ಬರು ಅದರ ಮರೀನ ನೋಡಿ 277 ಥರಾನೇ ಇದೆ ಅಂತ 277 ಅಂತಲೇ ಮಾರ್ತಾರೆ, ಅಲ್ಲಿಗೆ ನಿಮ್ಮ ಚೀಟಿ ಇರೋ ನಿಜವಾದ ಲೈನಿಗೂ ಬೆಲೆ ಹೋಯ್ತು.

ಪೊರೆಪೆಟ್ಟಿಗೆ:
ಟಾರ್ಚ್ ಅಣ್ಣ ಹೇಳಿದ್ರಲ್ಲಿ ಮುಕ್ಕಾಲು ಪಾಲು ಒಪ್ತೀನಿ. ನನ್ನ ಹತ್ರ ಇರೋದು ಕ್ಯಾಲಿಫೋರ್ನಿಯಾ ಕಿಂಗು, ಸ್ಯಾನ್ ಡಿಯೇಗೋ ಕಡೇದು, ಕೆಲವಕ್ಕೆ ಬಳೆ ಥರ ಅಡ್ಡ ಪಟ್ಟೆ, ಕೆಲವಕ್ಕೆ ಬೆನ್ನಿನುದ್ದಕ್ಕೂ ಒಂದೇ ಗೆರೆ. ಇದನ್ನೂ ಮೊದಲು ಎರಡು ಜಾತಿ ಅಂತಲೇ ಅಂದ್ಕೊಂಡಿದ್ರು, 1936ರಲ್ಲಿ ಹಾವುಗಳ ಸಂಶೋಧಕ ಕ್ಲಾಬರ್ ಅವರು ಒಂದೇ ಕ್ಲಚ್‌ನಲ್ಲಿ, ಅಂದ್ರೆ ಒಂದೇ ಸಲ ಇಟ್ಟ ಮೊಟ್ಟೆಗಳಲ್ಲಿ, ಎರಡೂ ಬರುತ್ತೆ ಅಂತ ತೋರಿಸಿದ ಮೇಲೆ ಆ ಗೊಂದಲ ಕಮ್ಮಿ ಆಯ್ತು.

ಇದರಿಂದ ನನಗೇ ಆಗಿರೋ ನಷ್ಟ ಹೇಳ್ತೀನಿ. ಮೂರು ವರ್ಷದ ಹಿಂದೆ ಇನ್ಕ್ಯುಬೇಟರ್‌ನಲ್ಲಿ ಎರಡು ಡಬ್ಬಿ ಇತ್ತು, ಒಂದು ಸ್ಯಾನ್ ಡಿಯೇಗೋ ಲೈನು, ಇನ್ನೊಂದು ಯಾರೋ ಸಾಕೋಕಾಗಲ್ಲ ಅಂತ ಕೊಟ್ಟು ಹೋದ, ಎಲ್ಲಿಯದು ಅಂತಲೇ ಗೊತ್ತಿಲ್ಲದ ಹೆಣ್ಣಿನ ಮೊಟ್ಟೆ. ಹೆಸರು ಬರೆದಿದ್ದು ಪೇಪರ್ ಟೇಪ್ ಮೇಲೆ. ಒಳಗಿನ ತೇವಕ್ಕೆ ಎರಡೂ ಟೇಪು ಬಿಟ್ಕೊಂಡು ತಳಕ್ಕೆ ಬಿದ್ದು ಒಂದಕ್ಕೊಂದು ಅಂಟ್ಕೊಂಡಿತ್ತು, ಇಂಕೂ ಹರಡಿತ್ತು. ಎರಡು ಡಬ್ಬೀಲೂ ಏಳೇಳು ಮೊಟ್ಟೆ, ಎರಡರಲ್ಲೂ ಗೆರೆದೂ ಬಂತು ಬಳೆದೂ ಬಂತು. ಒಂದೊಂದೇ ಮರೀನ ಕೈ ಮೇಲಿಟ್ಕೊಂಡು ಲೈಟಿನ ಕೆಳಗೆ ಎಷ್ಟು ತಿರುಗಿಸಿ ನೋಡಿದ್ರೂ ಗೊತ್ತಾಗಲಿಲ್ಲ, ಹದಿನಾಲ್ಕಕ್ಕೂ "ಊರು ಗೊತ್ತಿಲ್ಲ" ಅಂತ ಬರೆದೆ, ಬರೆಯೋವಾಗ ಅಳು ಬಂತು. ಈಗ ಡಬ್ಬಿ ಮೈ ಮೇಲೇ ಮಾರ್ಕರ್‌ನಲ್ಲಿ ಬರೀತೀನಿ, ಮುಚ್ಚಳದ ಮೇಲಲ್ಲ, ಮುಚ್ಚಳ ಅದಲು ಬದಲಾಗುತ್ತೆ.

ಒಪ್ಪದೇ ಇರೋ ಕಾಲು ಪಾಲು ಏನಂದ್ರೆ, ಲೊಕಾಲಿಟಿ ಲೊಕಾಲಿಟಿ (ಅಂದ್ರೆ ಒಂದೇ ಜಾಗದ ಹಾವು) ಅಂತ ಒಡಹುಟ್ಟಿದವಕ್ಕೇ ಮತ್ತೆ ಮತ್ತೆ ಜೋಡಿ ಮಾಡ್ಸೋದೂ ಸರಿ ಅಲ್ಲ. ಎರಡೇ ಹಾವಿಂದ ಶುರುವಾದ ಲೈನು ಎಷ್ಟು ತಲೆಮಾರು ಅಂತ ಎಳೆಯೋದು. ಅದಕ್ಕೇ ಸಂಬಂಧ ಇಲ್ಲದ 277 ಗಂಡು ಸಿಗೋವರೆಗೂ ಕಾಯಿರಿ. ಹೆಣ್ಣಿಗೆ ಐದೇ ವರ್ಷ ಅಲ್ವಾ, ಚೆನ್ನಾಗಿ ಸಾಕಿದ್ರೆ ಇವು ಹದಿನೈದು ವರ್ಷ ದಾಟುತ್ತೆ, ಅವಸರ ಏನೂ ಇಲ್ಲ. ಇನ್ನೊಂದು, ಮಾರೋ ಯೋಚನೆ ಇದ್ರೆ ನಿಮ್ಮ ರಾಜ್ಯದ ಕಾನೂನು ಮೊದಲು ಓದಿ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಇಲ್ಲಿನ ಹಾವು ಮರಿ ಮಾಡ್ಸಿ ಮಾರೋಕೆ ಪರ್ಮಿಟ್ ಬೇಕು, ಅದೂ ಕ್ಯಾಲಿಫೋರ್ನಿಯಾ ಕಿಂಗು, ಗೋಫರ್ ಸ್ನೇಕು, ರೋಸಿ ಬೋವಾ ಇಷ್ಟಕ್ಕೇ ಕೊಡೋದು.

ಹಲ್ಲಿವಾಸನೆ:
ಜೋಡಿ ವಿಷಯ ಮೇಲಿನವರು ಹೇಳಿ ಆಯ್ತು, ನಾನು ಮಿಕ್ಕಿದ್ದು ಹೇಳ್ತೀನಿ. ಗಂಡು ಯಾವತ್ತೇ ಸಿಗಲಿ, ಒಂದೇ ಡಬ್ಬೀಲಿ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಕಿಂಗ್‌ಸ್ನೇಕ್ ಹಾವನ್ನೇ ತಿನ್ನೋ ಹಾವು, ರ‍್ಯಾಟಲ್‌ಸ್ನೇಕನ್ನೂ ಬಿಡದೇ ನುಂಗೋ ಕುಲ ಇದು. ಗ್ರೇ ಬ್ಯಾಂಡೆಡ್ ಅಷ್ಟು ಜೋರಲ್ಲ ನಿಜ, ಆದ್ರೂ ನಂಬಬೇಡಿ, ಎರಡಕ್ಕೂ ಹೊಟ್ಟೆ ತುಂಬ ಕೊಟ್ಟು ಎರಡು ದಿನ ಬಿಟ್ಟು ಸೇರಿಸಿ, ಪಕ್ಕದಲ್ಲೇ ಕೂತಿರಿ, ಆದ ಮೇಲೆ ಬೇರೆ ಬೇರೆ ಮಾಡಿ.

ಚಳಿಗಾಲಕ್ಕೆ ಮುಂಚೆ ಎರಡು ವಾರ ಊಟ ನಿಲ್ಲಿಸಿ, ಹೊಟ್ಟೆ ಖಾಲಿ ಆದ್ಮೇಲೇ ತಂಪಿಗೆ ಹಾಕಿ, 50ರಿಂದ 55 ಡಿಗ್ರಿ ಫ್ಯಾರನ್‌ಹೀಟು, ಎರಡೂವರೆ ಮೂರು ತಿಂಗಳು, ನೀರು ಮಾತ್ರ ಯಾವಾಗ್ಲೂ ಇರಲಿ. ಮೊಟ್ಟೆ ಇಡೋಕೆ ಒಂದೆರಡು ವಾರ ಮುಂಚೆ ಪೊರೆ ಬಿಡುತ್ತೆ, ಆಗ ಒದ್ದೆ ಪಾಚಿ ಹಾಕಿದ ಡಬ್ಬಿ ಇಡಿ. ಮೊಟ್ಟೆ ಹೇಗೆ ಬಿದ್ದಿದೆಯೋ ಹಾಗೇ ಎತ್ತಿ ವರ್ಮಿಕ್ಯುಲೈಟ್ (ತೇವ ಹಿಡಿದಿಟ್ಟುಕೊಳ್ಳೋ ಖನಿಜದ ಹರಳು) ಮೇಲೆ ಇಡಿ, ಮಗುಚಬೇಡಿ, 80-82 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎರಡು ತಿಂಗಳ ಆಸುಪಾಸು ತಗೊಳ್ಳುತ್ತೆ.

ನಿಜವಾದ ಕಷ್ಟ ಶುರುವಾಗೋದೇ ಆಮೇಲೆ. ಈ ಮರಿಗಳಿಗೆ ಹುಟ್ಟಿನಿಂದ ಬೇಕಾಗಿರೋದು ಹಲ್ಲಿ, ಪಿಂಕಿ, ಅಂದ್ರೆ ಇನ್ನೂ ಕೂದಲು ಬರದ ಇಲಿ ಮರಿ, ಮುಂದೆ ಇಟ್ರೆ ಮುಖ ತಿರುಗಿಸುತ್ತೆ. ಮೊದಲನೇ ಪೊರೆ ಬಿಡೋವರೆಗೂ ಏನೂ ಕೊಡಬೇಡಿ. ಆಮೇಲೆ ಪಿಂಕೀನ ಬಿಸಿ ನೀರಲ್ಲಿ ತೊಳೆದು ಒರೆಸಿ ಫ್ರೀಜರ್‌ನಲ್ಲಿಟ್ಟ ಹಲ್ಲಿ ಮೈಗೆ ಚೆನ್ನಾಗಿ ಉಜ್ಜಿ, ಮರೀನೂ ಪಿಂಕೀನೂ ಸಣ್ಣ ಕಪ್ಪಲ್ಲಿ ಹಾಕಿ ಮುಚ್ಚಿ ಕತ್ತಲಲ್ಲಿ ರಾತ್ರಿಯೆಲ್ಲ ಬಿಡಿ, ತೆಗೆದು ತೆಗೆದು ನೋಡಿದ್ರೆ ತಿನ್ನಲ್ಲ. ನನ್ನ ಒಂದು ಮರಿ ಹತ್ತು ವಾರ ಏನೂ ಮುಟ್ಟಲಿಲ್ಲ, ಬೆನ್ನು ಮೂಳೆ ಕಾಣೋಕೆ ಶುರುವಾಗಿತ್ತು, ಒಂದು ಬೆಳಿಗ್ಗೆ ಮುಚ್ಚಳ ತೆಗೆದ್ರೆ ಪಿಂಕಿ ಇಲ್ಲ, ಹೊಟ್ಟೆ ನಡುವೆ ಪುಟ್ಟ ಉಬ್ಬು. ಆ ಖುಷಿ ಹೇಳೋಕಾಗಲ್ಲ.

ಮರಿ ಜಾಸ್ತಿ ಆಯ್ತು ಅಂತ ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ, ಅಜ್ಜಿ ಸಿಕ್ಕಿದ ಅದೇ ಜಾಗ ಆದ್ರೂ ಬೇಡ, ಮನೆಯ ರೋಗ ಕಾಡಿಗೆ ಹೋಗುತ್ತೆ. ಸ್ಪೇನ್‌ಗೆ ಸೇರಿದ ಗ್ರಾನ್ ಕನಾರಿಯಾ ದ್ವೀಪದಲ್ಲಿ ಸಾಕಿದ ಕ್ಯಾಲಿಫೋರ್ನಿಯಾ ಕಿಂಗು ಹೊರಗೆ ಹೋಗಿ, ಅಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲದ ದೊಡ್ಡ ಹಲ್ಲಿಗಳನ್ನ ತಿಂದು ಖಾಲಿ ಮಾಡ್ತಾ ಇದೆ.

ಬಂಡೆಸೀಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಆ ಗಂಡು ಬೇಡ ಅಂತ ನಿನ್ನೆನೇ ಫೋನ್ ಮಾಡಿ ಹೇಳಿದೆ. ಪೊರೆಪೆಟ್ಟಿಗೆ ಮೇಡಂ, ನಿಮ್ಮ ಮಾತು ಓದಿದ ತಕ್ಷಣ ಎದ್ದು ಹೋಗಿ ಚೀಟಿ ಫೋಟೋ ತೆಗೆದು ಮೂರು ಕಡೆ ಇಟ್ಟೆ. ನಾನಿರೋದು ಟೆಕ್ಸಸ್‌ನಲ್ಲೇ, ಹಾಗಾದ್ರೆ ನಾನೇ 277ಗೆ ಹೋಗಿ ಒಂದು ಗಂಡು ಹುಡುಕಬಹುದಾ, ಅದು ಕಾನೂನಲ್ಲಿ ಸರೀನಾ?

ಟಾರ್ಚ್ ಹಿಡಿದವ:
ಸರೀನೇ. 2007ರಲ್ಲಿ ರಸ್ತೆ ಪಕ್ಕ ಹಿಡಿಯೋದು ಪೂರ್ತಿ ನಿಲ್ಲಿಸಿದ್ರು, 2011ರಿಂದ ಮತ್ತೆ ಬಿಟ್ಟಿದಾರೆ. ಹಂಟಿಂಗ್ ಲೈಸೆನ್ಸು, ಅದರ ಮೇಲೆ ಸರೀಸೃಪ ಹಿಡಿಯೋ ಅನುಮತಿಯ ಸ್ಟ್ಯಾಂಪು, ಮೈ ಮೇಲೆ ಹೊಳೆಯೋ ಜಾಕೆಟು ಇರಬೇಕು, ಗಾಡಿ ಇಳಿದು ನಡೆದೇ ಹುಡುಕಬೇಕು, ಬೇಲಿ ದಾಟಬಾರದು, ಬೇಲಿಯಾಚೆ ಇನ್ನೊಬ್ಬರ ಜಮೀನು. ಹೋಗೋ ಮುಂಚೆ ಆ ವರ್ಷದ ನಿಯಮ ಒಂದ್ಸಲ ನೋಡ್ಕೊಳ್ಳಿ. ಜೂನ್‌ನಲ್ಲಿ ಅಮಾವಾಸ್ಯೆ ಹತ್ರದ ರಾತ್ರಿ ಚೆನ್ನ ಅಂತ ನನ್ನ ನಂಬಿಕೆ, ಬಂಡೆ ಬಿರುಕುಗಳ ಮೇಲೆ ಟಾರ್ಚು ನಿಧಾನಕ್ಕೆ ಆಡಿಸ್ತಾ ಹೋಗಬೇಕು. ಹತ್ತು ರಾತ್ರಿ ಹೋದ್ರೂ ಒಂದೂ ಸಿಗದೇ ಇರಬಹುದು. ಸಿಕ್ರೆ ಒಂದೇ ಒಂದು ಗಂಡು ತಗೊಳ್ಳಿ, ಅಲ್ಲೇ ನಿಂತು ಮೈಲಿಗಲ್ಲು, ತಾರೀಖು, ಟೈಮು ಬರೀರಿ, ಮನೆಗೆ ಬಂದು ಬರೀತೀನಿ ಅನ್ಬೇಡಿ.

ಬಂಡೆಸೀಳು:
ಆಯ್ತು ಅಣ್ಣ, ಜೂನ್‌ಗೆ ಒಂದು ವಾರ ರಜೆ ಹಾಕ್ತಾ ಇದೀನಿ, ನೀವೂ ಆ ಕಡೆ ಬರೋದಾದ್ರೆ ಹೇಳಿ.