ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಬರುವುದಿಲ್ಲ?

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ದಿನಾ ಸಂಜೆ ಎರಡು ಗಂಟೆ ಲೆಕ್ಕ ಮಾಡುತ್ತಾಳೆ. ಪುಸ್ತಕದ ಅಭ್ಯಾಸ ಒಂದೂ ಬಿಟ್ಟಿಲ್ಲ. ಆದರೂ ಪ್ರಿಪರೇಟರಿಯಲ್ಲಿ 80ಕ್ಕೆ 41. ಕೇಳಿದರೆ, "ಯಾವ ಸೂತ್ರ ಹಾಕಬೇಕು ಅಂತಲೇ ಹೊಳೆಯಲಿಲ್ಲ" ಅಂತಾಳೆ. ಇನ್ನೂ ಜಾಸ್ತಿ ಹೊತ್ತು ಕೂರಿಸಬೇಕಾ ಸರ್?

ಉತ್ತರ (ಪ್ರೌಢಶಾಲೆ ಗಣಿತ ಶಿಕ್ಷಕರು): ಬೇಡ. ಎರಡು ಗಂಟೆ ಧಾರಾಳ ಆಯ್ತು. ಕಾರಣ ಮಗಳ ಮಾತಲ್ಲೇ ಇದೆ ನೋಡಿ.

ವರ್ಗ ಸಮೀಕರಣದ ಪಾಠದ ಕೆಳಗೆ ಇರುವುದೆಲ್ಲ ವರ್ಗ ಸಮೀಕರಣದ ಲೆಕ್ಕವೇ. ಯಾವ ದಾರಿ ಅಂತ ಯೋಚಿಸುವ ಕೆಲಸವೇ ಇಲ್ಲ, ಪಾಠದ ಹೆಸರೇ ಹೇಳಿಬಿಡುತ್ತೆ. ಪ್ರಶ್ನೆ ಪತ್ರಿಕೆಯಲ್ಲಿ ಆ ಹೆಸರು ಇರುವುದಿಲ್ಲ.

"ಆಯತದ ಉದ್ದ ಅಗಲಕ್ಕಿಂತ 3 ಮೀಟರ್ ಜಾಸ್ತಿ, ವಿಸ್ತೀರ್ಣ 70 ಚದರ ಮೀಟರ್" ಅಂದರೆ ಅದು ವರ್ಗ ಸಮೀಕರಣ. ವಿಸ್ತೀರ್ಣದ ಬದಲು "ಸುತ್ತಳತೆ 34 ಮೀಟರ್" ಅಂತ ಬರೆಯಿರಿ. ಅದೇ ಆಯತ, ಅದೇ ಉತ್ತರ (10 ಮತ್ತು 7), ಆದರೆ ಈಗ ಅದು ರೇಖಾತ್ಮಕ ಸಮೀಕರಣದ ಲೆಕ್ಕ. ಗೋಡೆಗೆ ಒರಗಿದ 10 ಮೀಟರ್ ಏಣಿಯೂ ಹಾಗೇ. ಬುಡ ಗೋಡೆಯಿಂದ 6 ಮೀಟರ್ ದೂರ ಅಂದರೆ ಪೈಥಾಗೊರಸ್. ನೆಲದ ಜೊತೆ 60 ಡಿಗ್ರಿ ಕೋನ ಅಂದರೆ ತ್ರಿಕೋನಮಿತಿ. ಒಂದು ಪದ ಬದಲಾದರೆ ದಾರಿಯೇ ಬದಲು. ನಿಮ್ಮ ಮಗಳಿಗೆ ಬಿಡಿಸುವುದು ಗೊತ್ತು. ಗುರುತು ಹಿಡಿಯುವ ರೂಢಿ ಇಲ್ಲ, ಅಷ್ಟೇ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಆಕೃತಿಗಳ ಘನಫಲ ಕಲಿಸಿದರು. ಒಂದು ಗುಂಪು ಒಂದೊಂದೇ ಬಗೆ ಮುಗಿಸುತ್ತಾ ಹೋಯಿತು. ಇನ್ನೊಂದು ಗುಂಪಿಗೆ ಎಲ್ಲ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿಗೆ ಮೊದಲ ಗುಂಪು ಶೇ. 89 ಸರಿ ಮಾಡಿತು, ಎರಡನೆಯದು ಬರೀ 60. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟಾಗ ಮೊದಲನೆಯದು 20ಕ್ಕೆ ಇಳಿಯಿತು, ಎರಡನೆಯದು 63. ಅಂದರೆ ಮನೆಯಲ್ಲಿ ಸಲೀಸಾಗಿ ಬರುತ್ತಿದೆ ಅನ್ನುವುದನ್ನೇ ನಂಬಬಾರದು.

ಹೀಗೆ ಮಾಡಿಸಿ. ಮುಗಿದ ಪಾಠಗಳ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆಯಿರಿ, ಪಾಠದ ಹೆಸರು ಬೇಡ. ದಿನಾ ಎಂಟು ಹತ್ತು ಚೀಟಿ ಎತ್ತಲಿ. ಬಿಡಿಸುವ ಮೊದಲು ಇದು ಯಾವ ಬಗೆ, ಯಾಕೆ ಅಂತ ಒಂದು ಸಾಲು ಹೇಳಲಿ. ಕೆಲವನ್ನು ಅಷ್ಟಕ್ಕೇ ಬಿಟ್ಟರೂ ನಡೆಯುತ್ತೆ. ಮೊದಲ ವಾರ ತಪ್ಪು ಜಾಸ್ತಿ ಆಗುತ್ತೆ, ಅಳುವೂ ಬರಬಹುದು. ಹಳೇ ಪದ್ಧತಿಗೆ ವಾಪಸ್ ಹೋಗಬೇಡಿ. ಹೊಸ ಪಾಠವನ್ನು ಮಾತ್ರ ಮೊದಲು ಸಾಲಾಗಿಯೇ ಮಾಡಲಿ.

ಇನ್ನೊಬ್ಬ ಪೋಷಕರು: ನಮ್ಮವನು ಗೈಡ್ ಪಕ್ಕಕ್ಕಿಟ್ಟುಕೊಂಡೇ ಮಾಡುತ್ತಾನೆ. ಪರವಾಗಿಲ್ವಾ?

ಶಿಕ್ಷಕರು: ಬಿಡಿಸಿದ ಲೆಕ್ಕ ಓದುವುದು ತಪ್ಪಲ್ಲ, ಹೊಸದು ಕಲಿಯುವಾಗ ಅದು ಬೇಕು ಕೂಡ. ಆದರೆ ಓದಿ ಗೈಡ್ ಮುಚ್ಚಬೇಕು. ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಬೇಕು. ನೋಡಿ ನೋಡಿ ಬರೆದರೆ ಕೈಬರಹ ಸುಧಾರಿಸುತ್ತೆ, ಲೆಕ್ಕ ಅಲ್ಲ.

ವಿದ್ಯಾರ್ಥಿ: ಸರ್, ಪಾಸಿಂಗ್ ಪ್ಯಾಕೇಜ್ ಓದಿದರೆ ಸಾಕಾ? ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತೆ ಅನ್ನೋದು) ಬಾಯಿಪಾಠ ಮಾಡಿದ್ದೀನಿ.

ಶಿಕ್ಷಕರು: ಅದು ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕೊಟ್ಟಿರುವುದು. ಪಾಸಾಗುವುದೇ ಕಷ್ಟ ಅನ್ನುವವರಿಗೆ ಒಳ್ಳೆಯದು, ಮೊದಲು ಅದನ್ನೇ ಗಟ್ಟಿ ಮಾಡಿಕೋ. ಪ್ರಮೇಯಕ್ಕೆ ಒಂದು ಪರೀಕ್ಷೆ ಮಾಡು. ತ್ರಿಭುಜಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಅಂತ ಹೆಸರಿಟ್ಟು, ಚಿತ್ರವನ್ನು ತಲೆಕೆಳಗಾಗಿ ಬರೆದು ಪ್ರಮೇಯ ಸಾಧಿಸು. ಬಂದರೆ ಗೊತ್ತಿದೆ ಅಂತ. ಬರದಿದ್ದರೆ, ಒಂದೇ ಪಾದದ ಮೇಲೆ, ಅದೇ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಯಾಕೆ ಸಮ ಅನ್ನುವ ಸಾಲಿಗೆ ವಾಪಸ್ ಹೋಗು. ಇಡೀ ಸಾಧನೆ ನಿಂತಿರುವುದು ಅಲ್ಲೇ.

ಮೊದಲ ಪ್ರಶ್ನೆ ಕೇಳಿದ ತಾಯಿ: ಸಣ್ಣಪುಟ್ಟ ತಪ್ಪುಗಳೂ ತುಂಬಾ ಸರ್. ಮೈನಸ್ ಬಿಟ್ಟುಬಿಡುತ್ತಾಳೆ.

ಶಿಕ್ಷಕರು: "ಸಣ್ಣ ತಪ್ಪು" ಅಂತ ಬಿಟ್ಟರೆ ಅದು ಮಾರ್ಚ್‌ವರೆಗೂ ಇರುತ್ತೆ. ಪ್ರಿಪರೇಟರಿ ಉತ್ತರ ಪತ್ರಿಕೆ ತೆಗೆದು, ಹೋದ ಅಂಕಗಳನ್ನು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ದಾರಿ ಹೊಳೆಯಲಿಲ್ಲ, ಗೊತ್ತಿದ್ದೂ ತಪ್ಪಿತು. ಮೂರನೆಯದೇ ಜಾಸ್ತಿ ಇದ್ದರೆ ಹಂತ ಹಾರಿಸುತ್ತಿದ್ದಾಳೆ ಅಂತ. ಒಂದು ಸಾಲಿಗೆ ಒಂದೇ ಹಂತ ಬರೆಯಲಿ. ವರ್ಗ ಸಮೀಕರಣ ಬಿಡಿಸಿದ ಮೇಲೆ ಬೆಲೆಯನ್ನು ಸಮೀಕರಣಕ್ಕೆ ಹಾಕಿ ನೋಡಲಿ, ಅರ್ಧ ನಿಮಿಷದ ಕೆಲಸ. ಹಂತಕ್ಕೂ ಅಂಕ ಇರುವುದರಿಂದ ಕೊನೆ ಉತ್ತರ ತಪ್ಪಿದರೂ ಪೂರ್ತಿ ಕಳೆದುಕೊಳ್ಳುವುದಿಲ್ಲ.

ಭಾನುವಾರ ಒಂದು ಹಳೇ ಪೇಪರ್, 3 ಗಂಟೆ 15 ನಿಮಿಷ, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಮೊದಲ 15 ನಿಮಿಷ ಓದುವುದಕ್ಕೆ ಅಂತಲೇ ಇರುವುದು. ಆಗ ಪೆನ್ನು ಮುಟ್ಟದೆ ಪ್ರತಿ ಪ್ರಶ್ನೆಯ ಬಗೆ ಗುರುತಿಸಲಿ. ಆ ಮೂರು ಗುಂಪಿನಲ್ಲಿ ಎಷ್ಟೆಷ್ಟು ಅಂಕ ಹೋಗಿದೆ ಅಂತ ಗೊತ್ತಾದ ಮೇಲೆ ಇಲ್ಲೇ ಹಾಕಿ, ಯಾವ ಪಾಠದಿಂದ ಶುರು ಮಾಡಬೇಕು ಅಂತ ನೋಡೋಣ.